ನಮ್ಮ ಬಾಡಿಗೆ ಮನೆಗೆ ನಾಲ್ಕು ನಕ್ಷತ್ರ ದಯಪಾಲಿಸಿದ ಪರೀಕ್ಷಕರಿಗೆ

ಮಾನ್ಯರೇ,

ತಾವು ಕ್ಷೇಮವೆಂದೂ, ತಾವು ಕೂತಿರುವ ಕೋಣೆ ತಂಪಾಗಿದೆಯೆಂದೂ, ತಮ್ಮ ಕೈಚೀಲದೊಳಗಿನ ಉಪಕರಣಗಳು ಎಂದಿನಂತೆ ಹೊಚ್ಚಹೊಸದಾಗಿಯೇ ಉಳಿದಿವೆಯೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಮನೆಗೇ ಕಳಿಸಬಹುದಿತ್ತು. ಆದರೆ ತಮ್ಮ ಸದ್ಗುಣಗಳು ಒಬ್ಬಳೇ ನೋಡಿ ಸುಮ್ಮನಾಗುವಂಥವಲ್ಲವಾದ್ದರಿಂದ ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿಯೇ ಬರೆದೆ.

ಎಷ್ಟೋ ಮನೆ ನೋಡುವ ತಮಗೆ ನಮ್ಮದು ನೆನಪಿರಲಿಕ್ಕಿಲ್ಲ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಬಾಗಿಲ ಹಿಂದೆ ಅರ್ಧ ಹೊಲಿದ ಕೋಟುಗಳು, ಹಿಂದಿನ ಕೋಣೆಯಲ್ಲಿ ಉಬ್ಬಸದ ನಮ್ಮ ಅತ್ತೆ, ಆ ಮನೆ. ಫ್ರಿಜ್ಜಿಗೆ ಸ್ಟಾರ್ ಕೊಡುವ ಹಾಗೆ ಈಗ ಮನೆಗಳಿಗೂ ಕೊಡುತ್ತಾರಷ್ಟೆ. ಕಡಿಮೆ ಕರೆಂಟಿನಲ್ಲಿ ಹಿತವಾಗಿರುವ ಮನೆಗೆ ಹೆಚ್ಚು ನಕ್ಷತ್ರ, ಎರಡಕ್ಕಿಂತ ಕಡಿಮೆ ಬಂದರೆ ಮಾಲೀಕರೇ ಗೋಡೆ, ಚಾವಣಿ ಸರಿಪಡಿಸಿಕೊಡಬೇಕೆಂಬುದು ನಿಯಮ. ನಮ್ಮ ಹಿಂದಿನ ಕೋಣೆಗೆ ತಗಡಿನ ಚಾವಣಿ, ಪಶ್ಚಿಮಕ್ಕೆ ತೆಳ್ಳನೆಯ ಗೋಡೆ. ಮಧ್ಯಾಹ್ನ ತಿರುಗಿದ ಮೇಲೆ ಆ ಗೋಡೆಗೆ ಒತ್ತಿದರೆ ಅಂಗಿಗೆ ಇಸ್ತ್ರಿಯಾಗುತ್ತದೆಂದು ನಮ್ಮ ಯಜಮಾನರು ಹೇಳುವುದುಂಟು. ಅತ್ತೆಗೆ ಅಲ್ಲಿ ಉಸಿರು ಸಿಕ್ಕುವುದಿಲ್ಲ. ಆ ಚಾವಣಿಯೊಂದು ಸರಿಯಾಗಲಿ ಎಂಬುದಷ್ಟೇ ನಮ್ಮ ಆಸೆಯಾಗಿತ್ತು.

ಪರೀಕ್ಷಕರನ್ನು ಆರಿಸಿಕೊಳ್ಳುವ ಹಕ್ಕು ಬಾಡಿಗೆಯವರದು ಎಂದು ಗೊತ್ತಾದಾಗ ನಮಗಾದ ಹಿಗ್ಗು ಅಷ್ಟಿಷ್ಟಲ್ಲ. ಮೊದಲು ಏಸಿ ಅಂಗಡಿಯ ಕಡೆಯವರೊಬ್ಬರು ಪುಕ್ಕಟೆಯಾಗಿ ಬಂದು, ಚೀಲ ಬಿಚ್ಚುವ ಮೊದಲೇ "ಎರಡು ಏಸಿ ಹಾಕ್ಸಿಬಿಡಿ, ಎಲ್ಲಾ ಸರಿಹೋಗತ್ತೆ" ಎಂದರು. ಅವರನ್ನು ಕೈಮುಗಿದು ಕಳಿಸಿದೆವು. ಆಮೇಲೆ ಮಾಲೀಕರು ತಮ್ಮ ಭಾವಮೈದುನನನ್ನೇ ಕಳಿಸುತ್ತೇನೆಂದರು. "ಇದೊಳ್ಳೆ ಕಥೆ ಆಯ್ತಲ್ಲ" ಎಂದು ಯಜಮಾನರು ಅದನ್ನೂ ತಪ್ಪಿಸಿದರು. ಆಗ ಮಾತುಕತೆಗೆಂದು ಬಂದವರು ತಾವು. ತಮಗೆ ಅಂಗಡಿಯಿಲ್ಲ, ಮಾಲೀಕರ ನೆಂಟಸ್ತನವಿಲ್ಲ. ಶೂ ಬಿಚ್ಚಿ ಜೋಡಿಸಿಟ್ಟಿರಿ, ನೀರು ಕುಡಿದ ಲೋಟವನ್ನು ತಾವೇ ಅಡುಗೆಮನೆಗೆ ಒಯ್ದಿಟ್ಟಿರಿ, ನನ್ನನ್ನು ಅಮ್ಮಾ ಎಂದಿರಿ. ನನ್ನ ನಾದಿನಿ ಕಿವಿಯಲ್ಲಿ "ಅತ್ತಿಗೆ, ಇಂಥೋರು ಸುಳ್ಳು ಬರಿಯಲ್ಲ ಕಣೆ" ಎಂದಳು. ಅಲ್ಲಿಗೆ ಮುಗಿಯಿತು. ಏನೇನು ಅಳೆಯುತ್ತೀರಿ, ಯಾವ ಹೊತ್ತಿನಲ್ಲಿ ಬರುತ್ತೀರಿ, ಎಲ್ಲ ಕೋಣೆಗೂ ಕಾಲಿಡುತ್ತೀರಾ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಮನೆಮಂದಿಯೆಲ್ಲ ಸೇರಿ ಅಳಿಯನನ್ನು ಆರಿಸುವ ಹಾಗೆ ಪರೀಕ್ಷಕರನ್ನು ಆರಿಸಿದೆವು.

ಪರೀಕ್ಷೆಯ ದಿನ ತಾವು ಬೆಳಗಿನ ತಂಪು ಹೊತ್ತಿನಲ್ಲಿ ಬಂದು, ಮುಂದಿನ ಕೋಣೆಯ ಕಿಟಕಿಯನ್ನು ಅಂಗುಲ ಅಂಗುಲವಾಗಿ ಅಳೆದು, ಬಲ್ಬುಗಳನ್ನು ಹೊಗಳಿ, ಕೊನೆಗೆ ಹಿಂದಿನ ಕೋಣೆಯ ಪರದೆಯನ್ನು ಎರಡು ಬೆರಳಲ್ಲಿ ಸರಿಸಿದಿರಿ. "ಅಯ್ಯೋ, ಹಿರಿಯರು ಮಲಗಿದ್ದಾರೆ, ಎಬ್ಬಿಸೋದು ಬೇಡಮ್ಮ" ಎಂದಿರಿ. "ಪರವಾಗಿಲ್ಲ ಬನ್ನಿ, ನೋಡಬೇಕಾದ್ದೇ ಅದು" ಎಂದು ನಾನು ಅಂಗಲಾಚಿದರೆ "ಛೆ ಛೆ" ಎಂದು ತುದಿಗಾಲಲ್ಲಿ ಹಿಂದಕ್ಕೆ ಹೋದಿರಿ. ನಿಜ ಹೇಳಬೇಕೆಂದರೆ ಅತ್ತೆ ಮಲಗಿರಲಿಲ್ಲ. ರಾತ್ರಿಯ ಸೆಕೆಗೆ ಹಾಕಿಕೊಂಡ ಒದ್ದೆ ಟವೆಲ್ ಇನ್ನೂ ತಲೆಯ ಮೇಲಿದ್ದಾಗ ಯಾರೋ ಗಂಡಸರು ಇಣುಕಿದರೆಂದು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಿದ್ದರು. ತಾವು ವರದಿಯಲ್ಲಿ "ಹಿಂದಿನ ಕೋಣೆಯೂ ಮುಂದಿನ ಕೋಣೆಯಂತೆಯೇ ಇದೆಯೆಂದು ಭಾವಿಸಲಾಗಿದೆ, ನಿವಾಸಿ ಸುಖನಿದ್ರೆಯಲ್ಲಿದ್ದರು" ಎಂದು ಬರೆದು ನಾಲ್ಕು ನಕ್ಷತ್ರ ಕೊಟ್ಟಿರಿ.

ಎಂಥ ಸೂಕ್ಷ್ಮ ಮನಸ್ಸು, ಸ್ವಾಮಿ! ತಾವು ಬೆಂಕಿ ಆರಿಸುವ ಇಲಾಖೆಯಲ್ಲಿದ್ದಿದ್ದರೆ ಒಳಗಿನವರು ಎದ್ದು ಮುಖ ತೊಳೆದು ಬರುವವರೆಗೂ ಪೈಪು ಹಿಡಿದು ಹೊರಗೇ ನಿಂತಿರುತ್ತಿದ್ದಿರಿ. ಇಂಥವರ ಬಳಿ ಒಂದೆರಡು ಸಣ್ಣ ಉಪಕಾರ ಕೇಳಲು ಸಂಕೋಚವೇಕೆ? ತಮ್ಮ ಪ್ರಮಾಣಪತ್ರದ ಒಂದು ಪ್ರತಿಯನ್ನು ದಯವಿಟ್ಟು ಸೂರ್ಯನಿಗೂ ತಲುಪಿಸಬೇಕು. ಪಾಪ, ಅವನಿಗಿನ್ನೂ ಸುದ್ದಿ ಮುಟ್ಟಿದ ಹಾಗಿಲ್ಲ, ದಿನವೂ ಅದೇ ಹಳೆಯ ದಾರಿಯಲ್ಲಿ ಬಂದು ಅದೇ ಗೋಡೆಗೆ ಮೈಯೊರಗಿಸುತ್ತಾನೆ. ಹಾಗೆಯೇ ತಮ್ಮ ಆ "ಭಾವಿಸಲಾಗಿದೆ" ಎಂಬುದನ್ನು ತಗಡಿನ ಕೆಳಗೆ ಎರಡು ಗೇಣು ದಪ್ಪಕ್ಕೆ ಹರಡಿಕೊಟ್ಟರೆ ನಮಗೆ ಬೇರೆ ರಿಪೇರಿಯೇ ಬೇಡ. ಮಾಲೀಕರಂತೂ ತಾವು ಕೊಟ್ಟ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿಕೊಂಡಿದ್ದಾರೆ. ಚಾವಣಿಯ ಮಾತೆತ್ತಿದರೆ ಸಾಕು, "ನಾಲ್ಕು ಸ್ಟಾರ್ ಮನೇಲಿದ್ಕೊಂಡು ಗೊಣಗ್ತೀರಲ್ರೀ!" ಎಂದು ನಮ್ಮನ್ನೇ ಗದರುತ್ತಾರೆ.

ಇಷ್ಟು ಹೊತ್ತು ನಗುನಗುತ್ತಲೇ ಬರೆದೆ. ಆದರೆ ನನ್ನ ಹೊಟ್ಟೆ ಉರಿಯುವ ಸಂಗತಿ ಒಂದಿದೆ. ಮೊದಲೆಲ್ಲ ಅತ್ತೆ ಸೆಕೆಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರು; ತಗಡಿಗೆ ಬೈದು, ಮಾಲೀಕರಿಗೆ ಬೈದು, ಬೇರೆ ಯಾರೂ ಸಿಗದಿದ್ದರೆ ನನಗೆ ಬೈದು ಸ್ವಲ್ಪ ಹಗುರಾಗುತ್ತಿದ್ದರು. ತಮ್ಮ ವರದಿಯನ್ನು ನಮ್ಮ ಯಜಮಾನರು ಓದಿ ಹೇಳಿದ ಮೇಲೆ ಬೈಗುಳ ನಿಂತಿದೆ. ಯಂತ್ರವನ್ನು ಒಂದು ಕಡೆಗೆ ಸರಿಸಿ ಮುಂದಿನ ಕೋಣೆಯಲ್ಲೇ ಹಾಸಿಗೆ ಹಾಕುತ್ತೇನೆ ಬನ್ನಿ ಎಂದರೆ, "ಬೇಡ ಬಿಡೇ. ಓದಿದೋರು ಅಳೆದು ತಂಪಾಗಿದೆ ಅಂತ ಬರ್ದುಕೊಟ್ಟಿದ್ದಾರೆ, ಸೆಕೆ ಅನ್ನೋಕೆ ನಾನ್ಯಾರು?" ಎನ್ನುತ್ತಾರೆ. ಉಸಿರೆಳೆಯುವ ಸದ್ದು ಪರದೆಯ ಈಚೆಗೂ ಕೇಳುತ್ತದೆ. ಅವರ ಬೈಗುಳ ಕೇಳದೆ ನನಗೆ ಕೈಯಲ್ಲಿ ಸೂಜಿ ನಿಲ್ಲುತ್ತಿಲ್ಲ.

ಆದ್ದರಿಂದ ತಾವು ಇನ್ನೊಮ್ಮೆ ಬರಬೇಕು. ಬೆಳಿಗ್ಗೆ ಬೇಡ, ಬಿಸಿಲು ಪಶ್ಚಿಮಕ್ಕೆ ತಿರುಗಿದ ಮೇಲೆ ಬನ್ನಿ. ಶೂ ಬಿಚ್ಚುವುದೂ ಬೇಡ, ನೀರಿನ ಲೋಟವನ್ನು ನಾನೇ ತೊಳೆದುಕೊಳ್ಳುತ್ತೇನೆ. ಸಂಕೋಚವನ್ನು ಹೊರಗೇ ಬಿಟ್ಟು, ಪರದೆ ಎಳೆದು ನೇರ ಒಳಗೆ ಹೋಗಿ, ಅತ್ತೆಯ ಮಂಚದ ತುದಿಯಲ್ಲಿ ಕೂತು, ತಮ್ಮ ಅಂಗಿ ಬೆನ್ನಿಗೆ ಅಂಟುವವರೆಗಾದರೂ ಅಲ್ಲಿರಿ. ಆಮೇಲೆ ತಮಗೆ ಕಂಡದ್ದನ್ನು ಕಂಡ ಹಾಗೆ ಬರೆದುಕೊಡಿ, ನಕ್ಷತ್ರ ಎಷ್ಟಾದರೂ ಇರಲಿ.

ಈ ಎಲ್ಲದರ ನಂತರವೂ, ಬೇರೆ ದಾರಿ ಕಾಣದೆ,
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ
ಹೊಲಿಗೆಯವಳು

ಮರೆತ ಮಾತು: ಇದನ್ನು ಬರೆದು ಮುಗಿಸುವಾಗ ಅತ್ತೆ ಒಳಗಿನಿಂದ ಕರೆದರು. ಮನೆಯಲ್ಲಿ ಸೆಕೆಯಿಲ್ಲವೆಂದ ಮೇಲೆ ಕೆಟ್ಟಿರುವುದು ತನ್ನ ಮೈಯೇ ಇರಬೇಕೆಂದು ತೀರ್ಮಾನಿಸಿ, ನಾಳೆ ಯಾರಾದರೂ ನಂಬಿಕಸ್ತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೆಂದರು. ನಾನು ವಿಚಾರಿಸಿ ಒಳ್ಳೆಯವರನ್ನೇ ಹುಡುಕುತ್ತೇನೆ ಎಂದೆ. "ನೀನು ಹುಡುಕಬೇಡ" ಎಂದರು.