ಕಾಕಾನ ಸರ್ವರ್

ನಮ್ಮ ಕಾಕಾನಿಗೆ ಹುಚ್ಚು ಹಿಡಿದಿದೆ ಎಂದು ಕಮರಿಪೇಟೆಯ ಅರ್ಧ ಓಣಿ ನಂಬಿತ್ತು. ಉಳಿದರ್ಧಕ್ಕೆ ಆತನ ಪರಿಚಯವಿರಲಿಲ್ಲ, ಅಷ್ಟೇ!

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಕಾಕಾ ತಾರಿಹಾಳದ ಸಣ್ಣ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕ್ಲಾರ್ಕ್. ಅಲ್ಲಿನ ಗೇಟು, ಆಫೀಸು, ಸ್ಟೋರು, ಶೆಡ್ಡುಗಳಿಗೆ ಒಂದೊಂದು ಕಂಪ್ಯೂಟರ್ ಬಂದದ್ದೇ ತಡ, ಒಂದರಲ್ಲಿ ಬರೆದ ಚೀಟಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ಸರ್ವರ್ ಎಂಬ ಪ್ರೋಗ್ರಾಂ ಬರೆಯಲು ಕುಳಿತುಬಿಟ್ಟ. ಎದ್ದು ಹೋಗಿ ಹೇಳಿದರೆ ಮುಗಿಯುವ ಮಾತಿಗೆ ಸರ್ವರ್ ಯಾಕೆ? ಕೇಳಿದರೆ, "ನಿನಗ ತಿಳಿಯೂದಿಲ್ಲ ಬಿಡವಾ" ಎನ್ನುತ್ತಿದ್ದ.

ಒಮ್ಮೆ ಯಾರದೋ ಲಗ್ನಪತ್ರಿಕೆಯ ಹಿಂದೆ ಪ್ರೋಗ್ರಾಂ ಬರೆದು ಅದನ್ನು ಕಾರ್ಖಾನೆಗೆ ಒಯ್ದ. ಪತ್ರಿಕೆ ಮನೆಯಲ್ಲಿಲ್ಲದೆ ನಮಗೆ ಲಗ್ನದ ಮುಹೂರ್ತ ತಪ್ಪಿತು, ಪ್ರೋಗ್ರಾಮಿಗೂ ಮುಹೂರ್ತ ಕೂಡಿಬರಲಿಲ್ಲ!

ಮೊದಲ ಪರೀಕ್ಷೆಯ ದಿನ ಗೇಟಿನ ವಾಚ್‌ಮನ್ ಒಂದೊಂದೇ ಅಕ್ಷರ ಹುಡುಕುತ್ತಾ ಕುಳಿತ. ಅವನ ಚೀಟಿ ಮುಗಿಯುವ ತನಕ ಉಳಿದ ಮೂರೂ ಕಂಪ್ಯೂಟರ್ ಕಲ್ಲಿನಂತೆ ನಿಂತವು.

"ಇದರಕಿಂತ ನನ್ನ ಸೈಕಲ್ ಲಗೂ ಹೋಗತೈತ್ರಿ!" ಎಂದು ಮಾಲಕರು ಸಿಡುಕಿದರು.

ಅಂದು ಅಡುಗೆಮನೆಯಲ್ಲಿ ಕಾಕಾ ತನ್ನ ಹೆಂಡತಿಗೆ, ಅಂದರೆ ನಮ್ಮ ಕಾಕುವಿಗೆ, ಪಾಠ ಮಾಡಿದ. "ಒಬ್ಬರ ಮಾತು ಮುಗಿಯೂ ತನಕಾ ಕಾಯ್ಕೋತ ನಿಂದ್ರಬಾರದು. ಯಾರದು ತಯಾರ್ ಐತಿ, ಅವರ ಕಡೆ ಹೊಳ್ಳಬೇಕು. ಅದಕ್ಕ ಅಸಿಂಕ್ರೊನಸ್ ಅಂತಾರ."

ಕಾಕು ರೊಟ್ಟಿ ತಿರುವಿ, ಬೇಳೆಯ ಮುಚ್ಚಳ ಸರಿಸಿ, ಹಾಲಿನ ಉರಿ ತಗ್ಗಿಸಿ ಹೇಳಿದಳು: "ಇಪ್ಪತ್ತು ವರ್ಷದಿಂದ ಇದನ್ನ ಮಾಡಾಕತ್ತೇನಿ. ಇದಕ್ಕ ಹೆಸರೂ ಐತೇನ್ರಿ?"

ಮೂರು ತಿಂಗಳು ಕುಳಿತು ಕಾಕಾ ಎಲ್ಲವನ್ನೂ ಹೊಸದಾಗಿ ಬರೆದ. ಮತ್ತೆ ಪರೀಕ್ಷೆ. ಅಂದು ಆತ ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ನಾನು ಸ್ಟೋರಿಗೆ ಹೋಗಿದ್ದೆ. ಶೆಡ್ಡಿನ ಕಂಪ್ಯೂಟರ್ ಮುಂದೆ ಇದ್ದವರು ವಯಸ್ಸಾದ ಫಿಟರ್ ಚಾಚಾ. ಸುತ್ತಿಗೆಯ ಸದ್ದಿನಲ್ಲಿ ಅವರ ಕಿವಿ ಪೂರ್ತಿ ಹೋಗಿತ್ತು. ಕರೆದರೆ ಕೇಳಿಸದವರನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಮಾಲಕರು ಅವರನ್ನು ಕೆಲಸದಿಂದ ಬಿಡಿಸಲು ಹೊರಟಿದ್ದರಂತೆ. ಕಾಕಾ ಯಾರಿಗೂ ಹೇಳದೆ ಅವರಿಗೆ ಕೀಲಿಮಣೆಯ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯಲು ಕಲಿಸಿದ್ದ. ನನಗಿದೆಲ್ಲ ತಿಳಿದದ್ದು ಅಂದೇ.

"ಚಾಚಾ, ಊಟ ಆತ್ರಿ?" ಎಂದು ಕಾಕಾ ಬರೆದು ಕಳಿಸಿದ.

ಆಫೀಸಿನ ಚೀಟಿ ಬಂತು, ಗೇಟಿನದೂ ಬಂತು. ಯಾವುದೂ ನಿಲ್ಲಲಿಲ್ಲ. ಶೆಡ್ಡಿನಿಂದ ಮಾತ್ರ ಸುದ್ದಿಯಿಲ್ಲ.

"ಮತ್ತ ಕೆಟ್ಟಿತೇನ ಕಾಕಾ?"

"ಇಲ್ಲವಾ, ಅವರು ಬರಿಯಾಕತ್ತಾರ. ಒಂದ ಬೆರಳಿನಾಗ ಬರೀತಾರ. ಬರೀಲಿ, ಅವರಿಗೆ ಯಾರೂ ಅವಸರ ಮಾಡಬಾರದು."

ಬಹಳ ಹೊತ್ತಿನ ಮೇಲೆ ಪರದೆಯಲ್ಲಿ ಸಾಲು ಮೂಡಿತು: "ಇನ್ನೂ ಇಲ್ಲರಿ. ಭಾಳ ದಿವಸಕ್ಕ ಯಾರೋ ಮಾತಾಡಿಸಿದರ್ರಿ. ಬರ್ರಿ, ಕೂಡಿ ಉಣ್ಣೋಣ."

ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. ಆಮೇಲೆ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಶೆಡ್ಡಿನ ಕಡೆ ನಡೆದ.

ಚಾಚಾ ನಿವೃತ್ತರಾಗುವ ತನಕ ಇಬ್ಬರೂ ಅಲ್ಲೇ ಕೂಡಿ ಉಂಡರು.