ನಾಲ್ಕು ಹಲ್ಲಿನ ವರ

“ಕನ್ಯಾ ನೋಡೋ ಆ್ಯಪಿನಾಗ ನನ್ನ ಮಾರಿ ಎಲ್ಲಿ ಹೋತಲೇ ಅಲ್ತಾಫ್?”

ರಾಯಚೂರಿನ ಬಸ್ ನಿಲ್ದಾಣದ ಎದುರಿನ ಅಲ್ತಾಫ್‌ನ ಮೊಬೈಲ್ ಅಂಗಡಿಯಲ್ಲಿ ಹೀಗೆ ಫೋನು ಕುಕ್ಕಿದವನು ರೇವಣಸಿದ್ದ, ದೇವದುರ್ಗದ ಕಡೆಯ ಮಸರಕಲ್‌ನ ಕುರಿ ದಲ್ಲಾಳಿ. ವಯಸ್ಸು ಮೂವತ್ತಮೂರು, ಈಗಾಗಲೇ ಏಳು ಮನೆಗಳಿಂದ ಬೇಡ ಎನಿಸಿಕೊಂಡಿದ್ದ. ಎಂಟನೆಯ ಹೆಣ್ಣು, ಮಾನ್ವಿಯ ನೇತ್ರಾವತಿ, ಇವತ್ತು ಆ್ಯಪಿನಲ್ಲಿ ಅವನ ವಿವರ ನೋಡಿ ಆಮೇಲೆ ಫೋನು ಮಾಡುವುದಾಗಿ ಹೇಳಿದ್ದಳು. ಇದೂ ತಪ್ಪಿದರೆ ಇನ್ನು ಯಾರ ಮುಂದೆ ಹಲ್ಲು ಕಿರಿಯುವುದು ಎಂಬ ಚಿಂತೆ ಅವನಿಗೆ.

ಅಲ್ತಾಫ್: ಅರೆ, ಪಾಸ್‌ವರ್ಡ್ ನೆನಪಿರಂಗಿಲ್ಲಂತ ನೀನಾ ಅಂದಿದ್ದಿಲ್ಲೇನು? ಕುರಿ ಗ್ರೂಪು, ಭಜನಾ ಪೇಜು, ಕನ್ಯಾ ಆ್ಯಪು ಎಲ್ಲಾ ಕೂಡಿಸಿ ಒಂದಾ ಐಡಿ ಮಾಡೀನಿ. ಹೆಸರು, ಫೋಟೋ, ವಿವರ, ನೀ ಹೋದ ಕಡಿ ನಿನ್ನ ಹಿಂದ ಬರ್ತಾವ.

ರೇವಣಸಿದ್ದ: ಬಂದಿದ್ದು ನಾ ಅಲ್ಲಲೇ, ಟಗರು!

ಪರದೆಯಲ್ಲಿ ವರನ ಜಾಗದಲ್ಲಿ ದಪ್ಪ ಕೊಂಬಿನ ಟಗರೊಂದು ಗಂಭೀರವಾಗಿ ನಿಂತಿತ್ತು. ಕೆಳಗೆ ವರನ ವಿವರ: ‘ವಯಸ್ಸು ನಾಲ್ಕು ಹಲ್ಲು. ತೂಕ ಎಂಬತ್ತು ಕೆಜಿ. ಹಾಯುವ ಚಟವಿಲ್ಲ. ಬಾಯಿ ತೆರೆಸಿ ನೋಡಿಯೇ ಒಯ್ಯಿರಿ.’

ಅಲ್ತಾಫ್: ಕುರಿ ಮಾರೋ ಗ್ರೂಪಿನಾಗ ನೀನಾ ಬರದದ್ದು. ನಾ ಒಂದಕ್ಷರ ಮುಟ್ಟಿಲ್ಲ.

ರೇವಣಸಿದ್ದ: ಕುರಿ ಮಂದಿಗೆ ಬ್ಯಾರೆ ರೇವಣಸಿದ್ದ, ಕನ್ಯಾದವ್ರಿಗೆ ಬ್ಯಾರೆ ರೇವಣಸಿದ್ದ! ಅಲ್ಲಿ ಕೋಟು ಹಾಕ್ಕೊಂಡು ನಿಂತಿದ್ದೆ.

ಅಲ್ತಾಫ್: ಕೋಟು ಸ್ಟುಡಿಯೋದ್ದು. ಹಿಂದಿನ ಕಾರು ಯಾವುದೋ ಡಾಕ್ಟರ್ದು. ಬಿಎ ಪಾಸ್ ಯಾರ್ದು?

ರೇವಣಸಿದ್ದ: ನಮ್ಮ ತಂಗಿ ಚಂದ್ರಕಲಾಂದು.

ಅಲ್ತಾಫ್: ಥೂ! ಮತ್ತ ಭಜನಾ ಪೇಜಿನಾಗ?

ರೇವಣಸಿದ್ದ: ಅಲ್ಲಿ ಶರಣ ರೇವಣಸಿದ್ದ. ಬೀಡಿ ಸೈತ ಮುಟ್ಟಂಗಿಲ್ಲ.

ಹಾಗೆಂದವನು ಕಿವಿಯ ಮೇಲಿದ್ದ ಬೀಡಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

ಅಲ್ತಾಫ್: ಮೂರು ಮಂದಿ ಆಗಿ ತಿರುಗಾಡಾಕತ್ತೀದಿ, ಒಬ್ಬನೂ ನೆಟ್ಟಗಿಲ್ಲ. ನಿನಕಿಂತ ಟಗರಾ ವಾಸಿ!

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನೇತ್ರಾವತಿ! ರೇವಣಸಿದ್ದ ಅವಸರದಲ್ಲಿ ಇಡೀ ಅಂಗಡಿಗೆ ಕೇಳುವಂತೆ ಸ್ಪೀಕರ್ ಒತ್ತಿಬಿಟ್ಟ.

ನೇತ್ರಾವತಿ: ನಲವತ್ತು ಮಂದೀನ್ನ ನೋಡೀನ್ರಿ. ಎಲ್ಲಾರೂ ಬ್ಯಾರೇರ ಕಾರಿಗೆ ಒರಗಿ ನಿಂತಾರ, ಯಾರಿಗೂ ಒಂದು ಚಟ ಇಲ್ಲ. ನೀವೊಬ್ರಾ ನಿಮ್ಮ ದಂಧೆ ಮುಚ್ಚಿಡದಾ ತೋರ್ಸೀರಿ. ನಗಿ ಬಂತು ಖರೇ, ಆದ್ರ ಮನಸ್ಸಿಗೆ ಹಿಡಿಸ್ತು.

ರೇವಣಸಿದ್ದ: ಸುಳ್ಳು ನಮಗ ಆಗಂಗಿಲ್ಲ ನೋಡ್ರಿ!

ಅಲ್ತಾಫ್‌ಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

ನೇತ್ರಾವತಿ: ಐತವಾರ ಮಾನ್ವಿಗೆ ಬರ್ರಿ. ಟಗರೂ ಕರ್ಕೊಂಡು ಬರ್ರಿ. ನಮ್ಮಪ್ಪನೂ ಕುರಿ ಸಾಕಿದವನಾ. ಮೊದ್ಲ ಅದರ ಹಲ್ಲು ನೋಡ್ತೀನಿ, ಆಮ್ಯಾಲ ಲಗ್ನದ ಮಾತು ಅನ್ನಾಕತ್ಯಾನ.

ಫೋನು ಇಟ್ಟಾಗ ರೇವಣಸಿದ್ದನ ಮುಖದಲ್ಲಿ ಕಳೆಯೇ ಇರಲಿಲ್ಲ.

ಅಲ್ತಾಫ್: ಯಾಕಲೇ? ಟಗರು ಮಾರಿಬಿಟ್ಟೇನು?

ರೇವಣಸಿದ್ದ: ಅದು ಚಂದ್ರಬಂಡದ ಕನಕರಾಯಂದು. ನಾ ಬರೇ ಫೋಟೋ ಹೊಡಕೊಂಡಿದ್ದೆ.

ಅಲ್ತಾಫ್: ಒಂದಾ ಒಂದು ಗುರುತು ಮಾಡಿಕೊಟ್ಟೆ, ಅದೂ ಬ್ಯಾರೇರ್ದಾ? ಹಂಗಾದ್ರ ಆಕಿ ಒಪ್ಪಿದ್ದು ಕನಕರಾಯನ್ನ. ಐತವಾರ ಅವನ್ನಾ ಕಳಸು. ಅವಂಗೂ ಇನ್ನಾ ಲಗ್ನ ಆಗಿಲ್ಲ.