ಎರವಲು ಬೆರಳು

ಮುಂಬಯಿಯ ಬೈಕುಲ್ಲಾ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಿಹಿ ಮಾಡುತ್ತಿದ್ದ ಕಾಂತಪ್ಪನಿಗೆ ಅಂದು ಬೆಳಿಗ್ಗೆ ಏಳನೆಯ ಸಲ ಬಾಯಾರಿತು. ಅವನು ತಂಬಿಗೆ ಎತ್ತುವುದನ್ನು ತರಕಾರಿ ಹೆಚ್ಚುತ್ತಿದ್ದ ಸೇವಂತಿ ನೋಡಿಬಿಟ್ಟಳು.

“ಎಂತ ಕಾಂತಣ್ಣ, ಬಾವಿಯನ್ನೇ ಕುಡಿದು ಮುಗಿಸ್ತೀರಾ? ಗಳಿಗೆಗೊಂದು ಸಲ ಬಾತ್‌ರೂಮಿಗೆ ಬೇರೆ ಓಡ್ತೀರಿ. ಕಣ್ಣೂ ಮಂಜಾಗ್ತದಾ?”

“ಒಲೆಯ ಹೊಗೆ ಮಾರಾಯ್ತಿ.”

“ಗ್ಯಾಸ್ ಒಲೆಗೆ ಎಂತ ಹೊಗೆ? ಕಾಲಿನ ಗಾಯ ತಿಂಗಳಾದ್ರೂ ಮಾಗ್ಲಿಲ್ಲ ನೋಡಿ. ಇದು ಶುಗರೇ. ನನ್ನ ಭಾವನಿಗೂ ಹೀಗೇ ಶುರುವಾದದ್ದು.”

ಅಂದೇ ಮಧ್ಯಾಹ್ನ ಹೋಟೆಲಿನ ಕೆಲಸದವರಿಗೆಲ್ಲ ಶುಗರ್ ಪರೀಕ್ಷೆ ಇತ್ತು. ಶುಗರ್ ಇದ್ದವರು ಸಿಹಿಯ ಒಲೆಯ ಹತ್ತಿರ ಸುಳಿಯಕೂಡದೆಂದು ಮಾಲೀಕ ಸುಹಾಸ ಶೆಟ್ಟರು ಮೊದಲೇ ಹೇಳಿದ್ದರು. ಅಲ್ಲಿ ರುಚಿ ನೋಡುವುದೇ ಅರ್ಧ ಕೆಲಸ. ಪೈನಾಪಲ್ ಶೀರಾದಿಂದಲೇ ಕಾಂತಪ್ಪನಿಗೆ ಹೆಸರು. ಒಲೆ ಕೈತಪ್ಪಿದರೆ ಈರುಳ್ಳಿ ಸುಲಿಯುವವರ ಸಾಲಿನಲ್ಲಿ ಕೂರಬೇಕು. ಹೆದರಿದವನ ಬುದ್ಧಿ ಹುಲ್ಲು ಮೇಯಲು ಹೋಯಿತು.

ಅವನ ಕಣ್ಣು ದೋಸೆ ಕಾವಲಿಯ ನೀಲಕಂಠಪ್ಪನ ಮೇಲೆ ಬಿತ್ತು. ಹಾವೇರಿ ಕಡೆಯವನು, ಒಣಗಿದ ನುಗ್ಗೆಕಾಯಿಯಂಥ ಆಳು. ಇತ್ತೀಚೆಗಂತೂ ಪ್ಯಾಂಟು ಜಾರದಂತೆ ದಾರ ಕಟ್ಟಿಕೊಳ್ಳುತ್ತಿದ್ದ. ಇಂಥವನ ಮೈಯಲ್ಲಿ ಸಕ್ಕರೆಗೆ ಜಾಗವೆಲ್ಲಿ?

“ನಿನ್ನ ಬೆರಳು ಸ್ವಲ್ಪ ಕೊಡು ಮಾರಾಯ. ನರ್ಸಿಗೆ ನಮ್ಮ ಮುಖ ಗೊತ್ತಿಲ್ಲ. ನನ್ನ ಹೆಸರು ಕರೆದಾಗ ನೀನು ಹೋಗು.”

“ಒಂದು ಹನಿ ರಕ್ತಕ್ಕ ಇಷ್ಟ್ಯಾಕ ಒದ್ದಾಡ್ತಿ? ತಗೋ,” ಎಂದ ನೀಲಕಂಠಪ್ಪ. “ಹೆಂಗೂ ನಾ ಹೆಸರು ಬರಸಿಲ್ಲ. ಅದು ದಪ್ಪ ಇದ್ದವ್ರಿಗೆ ಬರೋ ಜಡ್ಡು.”

ಮೂರು ಗಂಟೆಗೆ ನರ್ಸ್ ಶೀತಲ ಬಂದು ಮೇಲಿನ ಕೋಣೆಯಲ್ಲಿ ಕೂತಳು. “ಕಾಂತಪ್ಪ” ಎಂದು ಕೂಗಿದಾಗ ನೀಲಕಂಠಪ್ಪ ಹೋಗಿ ಬೆರಳು ಚುಚ್ಚಿಸಿಕೊಂಡು ಬಂದ. ಅಸಲಿ ಕಾಂತಪ್ಪ ಅಕ್ಕಿ ಮೂಟೆಗಳ ಹಿಂದೆ ಅಡಗಿ ನೀರು ಕುಡಿಯುತ್ತಿದ್ದ.

ಐದು ಗಂಟೆಗೆ ಶೆಟ್ಟರು ಪಟ್ಟಿ ಹಿಡಿದು ಅಡುಗೆಮನೆಗೆ ಇಳಿದರು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಅವರ ಬಾಯಲ್ಲಿ ಕನ್ನಡ ಕುಂಟುತ್ತ ಬರುತ್ತಿತ್ತು.

“ಕಾಂತಪ್ಪ, ನಿಮ್ದು ತೀನ್ ಸೌ ಚಾಲೀಸ್. ನಾಳೆಯಿಂದ ಒಲೆ ಬಂದ್. ಮೊದ್ಲು ಡಾಕ್ಟರ್, ನಾನೇ ಕರ್ಕೊಂಡು ಹೋಗ್ತೇನೆ.”

ಮುನ್ನೂರ ನಲವತ್ತು. ಕಾಂತಪ್ಪ ನೀಲಕಂಠಪ್ಪನತ್ತ ನೋಡಿದ. ಅವನು ಕಾವಲಿಯ ಮುಂದೆ ಬೆಪ್ಪಾಗಿ ನಿಂತಿದ್ದ, ದೋಸೆ ಸೀಯುತ್ತಿತ್ತು. ಸುಮ್ಮನಿದ್ದರೆ ಮಾತ್ರೆ ತನ್ನ ಪಾಲಿಗೆ, ರೋಗ ಅವನ ಪಾಲಿಗೆ. ಕಾಂತಪ್ಪನಿಗೆ ಅಷ್ಟು ಪಾಪ ಬೇಡವೆನಿಸಿತು. ತನ್ನದು ಇನ್ನೂ ಪರೀಕ್ಷೆಯೇ ಆಗಿಲ್ಲವಲ್ಲ ಎಂದು ಒಂದಿಷ್ಟು ಆಸೆಯೂ ಹುಟ್ಟಿತು ಅನ್ನಿ.

“ಸೇಠ್, ಅದು ನನ್ನ ರಕ್ತ ಅಲ್ಲ. ನೀಲಕಂಠಪ್ಪನದ್ದು.”

“ಶುಗರ್ ಬಂದವರೆಲ್ಲ ಹಾಗೇ ಹೇಳೂದು,” ಎಂದಳು ಸೇವಂತಿ. “ನನ್ನ ಭಾವ ಮೆಷಿನ್ ಹಾಳಾಗಿದೆ ಅಂತ ಮೂರು ಲ್ಯಾಬ್ ತಿರುಗಿದ್ರು.”

ಕಾಂತಪ್ಪ ಪಟ್ಟು ಬಿಡಲಿಲ್ಲ. ಹೊರಟು ನಿಂತಿದ್ದ ಶೀತಲಳನ್ನು ತಡೆದು ನಿಲ್ಲಿಸಿದರು. ಎಲ್ಲರೂ ಸುತ್ತುಗಟ್ಟಿ ನಿಂತರು. ನೀಲಕಂಠಪ್ಪನ ಬೆರಳಿಗೆ ಮತ್ತೆ ಅಷ್ಟೇ ಬಂತು. ಇದ್ದಕ್ಕಿದ್ದಂತೆ ಮೈ ಇಳಿಯುವುದೂ ಈ ಕಾಯಿಲೆಯ ಲಕ್ಷಣವೇ ಎಂದು ಶೀತಲ ಅವನಿಗೆ ತಿಳಿಹೇಳಿದಳು.

ಕಾಂತಪ್ಪ ಗೆದ್ದವನ ಗತ್ತಿನಲ್ಲಿ ಬೆರಳು ಚಾಚಿದ. ಮೆಷಿನ್ ಒಂದು ಕ್ಷಣ ಯೋಚಿಸಿ ನಾನೂರ ಹನ್ನೆರಡು ತೋರಿಸಿತು.

ಶೆಟ್ಟರು ಇಬ್ಬರನ್ನೂ ಆಗಲೇ ಟ್ಯಾಕ್ಸಿ ಹತ್ತಿಸಿದರು. ಶೀರಾದ ಸೌಟು ಸೇವಂತಿಯ ಕೈಸೇರಿತು. ಟ್ಯಾಕ್ಸಿ ಹೊರಟಾಗ ನೀಲಕಂಠಪ್ಪ ಕಾಂತಪ್ಪನ ಕಿವಿಯ ಹತ್ತಿರ ಬಾಗಿದ.

“ಕಾಂತಣ್ಣ, ನನ್ನ ರಕ್ತಾನೇ ನಿಂದು ಅಂತ ಇಟ್ಕೊಂಡಿದ್ರ ಎಪ್ಪತ್ತೆರಡು ಕಮ್ಮಿ ಇರ್ತಿತ್ತಲ್ಲೋ.”